ಹುಣಸಿಕಾಯಿ ತೊಕ್ಕಿನ ಡಬ್ಬಿ

ಅವಳು ಮಣ್ಣು ತಿನ್ನುತ್ತಾಳೆ ಎಂಬುದು ನನಗೆ ಮೊದಲು ಗೊತ್ತಾಗಿದ್ದು ಕಿವಿಯಿಂದ. ಸರಿಯಾಗಿ ತೊಳೆಯದ ಮೆಂತ್ಯಸೊಪ್ಪು ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕರೆ ಕರ್ ಎನ್ನುತ್ತದಲ್ಲ, ಆ ಸದ್ದು ನನ್ನ ಬೆನ್ನ ಹಿಂದೆ ಒಂದೇ ಸಮನೆ ಬರುತ್ತಿತ್ತು. ತಿರುಗಿ ನೋಡಿದೆ. ಅವಳು ತಂತಿ ಹಿಡಿದು ಹಸಿಮಣ್ಣಿನ ಡಬ್ಬಿಯ ಮುಚ್ಚಳ ಕೊಯ್ಯುತ್ತಿದ್ದಳು. ಒಂದು ಕೆನ್ನೆ ಉಬ್ಬಿತ್ತು. ತುಟಿಯ ತುದಿಯಲ್ಲಿ ಬೂದುಬಣ್ಣದ ಜೊಲ್ಲು. ನಾನು ನೋಡಿದ್ದು ಗೊತ್ತಾಗಿ ನಕ್ಕಳು. ಹಲ್ಲಿನ ಸಂದಿಯಲ್ಲೆಲ್ಲ ಮಣ್ಣು. ಆಗಷ್ಟೇ ಉಂಡಿದ್ದ ಮೊಸರನ್ನ ಗಂಟಲಿಗೆ ಬಂತು. ಹೊರಗೆ ಓಡಿ ನಲ್ಲಿಯ ಹತ್ತಿರ ಕಾರಿಕೊಂಡೆ.

ಇಪ್ಪತ್ತು ವರ್ಷ ದಾಟಿತು. ಈಗಲೂ ಬಸ್ಸಿನಲ್ಲಿ ಕೂತಾಗ, ಪಾತ್ರೆ ತಿಕ್ಕುವಾಗ, ಆ ಮಧ್ಯಾಹ್ನವನ್ನು ಮನಸ್ಸಿನೊಳಗೆ ಮೊದಲಿನಿಂದ ಮತ್ತೆ ನಡೆಸುತ್ತೇನೆ. ಪ್ರತಿ ಸಲವೂ ನಾನು ಕಾರಿಕೊಳ್ಳದೆ ಸುಮ್ಮನೆ ನನ್ನ ಕೆಲಸ ನೋಡಿಕೊಳ್ಳುತ್ತೇನೆ. ಅವಳು ಮಣ್ಣು ತಿನ್ನುತ್ತಾಳೆ, ದಿನ ತುಂಬಿ ಹಡೆಯುತ್ತಾಳೆ, ಅಷ್ಟೇ. ಆದರೆ ನನಗೆ ಅಸಹ್ಯವಾಯಿತು, ಆ ಅಸಹ್ಯದಿಂದಲೇ ಮುಂದಿನದೆಲ್ಲ ಆಯಿತು.

ನಾವು ಕೆಲಸ ಮಾಡುತ್ತಿದ್ದ ಶೆಡ್ಡು ಇದ್ದದ್ದು ಸಿಕಂದರಾಬಾದಿನ ಹತ್ತಿರದ ಸನತ್‌ನಗರದಲ್ಲಿ, ಲೇತ್ ಮಷೀನಿನ ಅಂಗಡಿಗಳ ಹಿಂದೆ. ಮೊದಲು ಅಲ್ಲಿ ಕರೆಂಟಿನ ಪಿಂಗಾಣಿ ಫ್ಯೂಸು ಮಾಡುತ್ತಿದ್ದರಂತೆ. ಆ ವ್ಯಾಪಾರ ಕೆಟ್ಟಿತು. ಅಷ್ಟರಲ್ಲಿ ಗಚ್ಚಿಬೌಲಿ ಕಡೆ ಆಫೀಸುಗಳ ಗಾಜಿನ ಕಟ್ಟಡಗಳು ಎದ್ದವು, ಅವುಗಳ ಒಳಗೆ ಕೂತವರಿಗೆ ದೀಪಾವಳಿಗೆ ಉಡುಗೊರೆ ಕೊಡಬೇಕಾಯಿತು. ಸ್ಟೀಲಿನ ಡಬ್ಬಿ ಕೊಟ್ಟರೆ ಅವರಿಗೆ ಅವಮಾನ. ಕೈಯಿಂದ ಮಾಡಿದ್ದು ಬೇಕು, ಸ್ವಲ್ಪ ಸೊಟ್ಟಗಿದ್ದರೆ ಇನ್ನೂ ಒಳ್ಳೆಯದು. ಮಾಲೀಕ ಚುರುಕು ಮನುಷ್ಯ. ಫ್ಯೂಸಿನ ಅಚ್ಚುಗಳನ್ನು ಗುಜರಿಗೆ ಹಾಕಿ, ಅದೇ ಭಟ್ಟಿಯಲ್ಲಿ ಅಂಗೈಯಗಲದ ಸಣ್ಣ ಡಬ್ಬಿ ಸುಡಲು ಶುರು ಮಾಡಿದ. ಒಳಗೆ ನಾಲ್ಕು ಬಾದಾಮಿ, ನಾಲ್ಕು ಗೋಡಂಬಿ ಹಾಕಿ ರಿಬ್ಬನ್ನು ಕಟ್ಟಿದರೆ ಮುಗಿಯಿತು.

ಡಬ್ಬಿ ಮಾಡುವವರು ಎಂಟು ಜನ ಹೆಂಗಸರು. ಎಲ್ಲರೂ ಯಾದಗಿರಿ, ರಾಯಚೂರು ಕಡೆಯವರು. ಗಂಡಂದಿರು ಗಚ್ಚಿಬೌಲಿಯ ಕಟ್ಟಡಗಳಲ್ಲಿ ಸಿಮೆಂಟು ಹೊರುತ್ತಿದ್ದರು. ನಾನು ಸಿಕಂದರಾಬಾದಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಪ್ಪ ರೈಲ್ವೆಯಲ್ಲಿದ್ದರು, ನಮ್ಮ ಮೂಲ ಧಾರವಾಡದ ಕಡೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿಕೊಂಡಿದ್ದೆ. ಮಾಲೀಕನಿಗೆ ನನ್ನ ಡಿಗ್ರಿ ಬೇಕಿರಲಿಲ್ಲ. ಹೆಂಗಸರ ಜೊತೆ ಕನ್ನಡ, ಆಫೀಸಿನವರ ಜೊತೆ ಇಂಗ್ಲಿಷು ಮಾತಾಡುವವಳು ಬೇಕಿತ್ತು. ಡಬ್ಬಿಯ ಜೊತೆ ಇಡುವ ಚೀಟಿಯನ್ನು ಬರೆದವಳು ನಾನೇ: ಹಳ್ಳಿಯ ಹೆಣ್ಣುಮಕ್ಕಳ ಕೈಕೆಲಸ, ತಿನ್ನುವ ಪದಾರ್ಥ ಇಡಲು ಸುರಕ್ಷಿತ. ಆ ಎರಡನೆಯ ಮಾತು ಅಲ್ಲಿ ಸೇರಿದ್ದು ಹೇಗೆಂದರೆ, ಬೇರೆ ಕಂಪನಿಯ ಚೀಟಿಯೊಂದರಲ್ಲಿ ಇತ್ತು, ಓದಲು ಚೆನ್ನಾಗಿತ್ತು.

ಡಬ್ಬಿ ಮಾಡುವ ರೀತಿ ನೋಡಲು ಮಾತ್ರ ನನಗೆ ಎಂದೂ ಬೇಸರವಾಗಲಿಲ್ಲ. ಮಣ್ಣನ್ನು ಚಪಾತಿಯಂತೆ ಲಟ್ಟಿಸುತ್ತಾರೆ. ಎರಡೂ ಕಡೆ ಒಂದೇ ದಪ್ಪದ ಮರದ ಪಟ್ಟಿ ಇಟ್ಟುಕೊಂಡು ಮೇಲೆ ಕಬ್ಬಿಣದ ಪೈಪು ಉರುಳಿಸಿದರೆ ಹಾಳೆ ಸಮ ಬರುತ್ತದೆ. ಅದನ್ನು ಚೌಕ ಚೌಕವಾಗಿ ಕೊಯ್ದು, ಅಂಚುಗಳನ್ನು ಹಳೇ ಬಾಚಣಿಗೆಯಿಂದ ಗೀರಿ, ತೆಳ್ಳಗೆ ಕಲಸಿದ ಮಣ್ಣಿನ ಗಂಜಿ ಬಳಿದು ಜೋಡಿಸುತ್ತಾರೆ. ಮೊದಲು ಆರೂ ಕಡೆ ಮುಚ್ಚಿಬಿಡುತ್ತಾರೆ; ಬಾಯಿಯೇ ಇಲ್ಲದ ಪೆಟ್ಟಿಗೆ. ಅದು ಒಂದು ದಿನ ಆರಿ ಚಕ್ಕಳದಷ್ಟು ಗಟ್ಟಿಯಾದ ಮೇಲೆ ತಂತಿಯಿಂದ ಸುತ್ತ ಕೊಯ್ದು ಮುಚ್ಚಳ ಬೇರೆ ಮಾಡುತ್ತಾರೆ. ಹೀಗೆ ಮಾಡಿದರೆ ಮುಚ್ಚಳ ತನ್ನ ಡಬ್ಬಿಗೆ ಮಾತ್ರ ಕೂಡುತ್ತದೆ, ಬೇರೆ ಯಾವುದಕ್ಕೂ ಕೂಡುವುದಿಲ್ಲ. ಆಮೇಲೆ ಅಲಂಕಾರ. ಬೇವಿನೆಲೆ ಒತ್ತುವುದು, ಒಡೆದ ಬಳೆಯ ಚೂರಿನಿಂದ ಕಮಾನು ಮೂಡಿಸುವುದು, ಜೋಳದ ಕಾಳು ಸಾಲಾಗಿ ಒತ್ತಿ ತೆಗೆಯುವುದು. ಕಾಳಿನ ಗುಳಿ ಸುಟ್ಟ ಮೇಲೂ ಹಾಗೇ ಇರುತ್ತದೆ.

ಮಣ್ಣು ತಿನ್ನುತ್ತಿದ್ದವಳ ಕೈ ಎಲ್ಲರಿಗಿಂತ ಮೇಲು. ಮುಚ್ಚಳದ ಅಂಚನ್ನು ಅವಳು ಕರ್ಚಿಕಾಯಿಯ ಅಂಚು ಮಡಚುವಂತೆ ಹೆಬ್ಬೆರಳು ತೋರುಬೆರಳಿನಲ್ಲಿ ಚಿವುಟುತ್ತಾ ಸುತ್ತು ಬರುತ್ತಿದ್ದಳು. ಒಂದು ಮಡಿಕೆ ಇನ್ನೊಂದಕ್ಕಿಂತ ದೊಡ್ಡದಿಲ್ಲ, ಸಣ್ಣದಿಲ್ಲ. ಆಫೀಸಿನವರು ಕೇಳಿ ಕೇಳಿ ಒಯ್ಯುತ್ತಿದ್ದದ್ದು ಅವಳ ಡಬ್ಬಿಗಳನ್ನೇ. ವಯಸ್ಸು ಇಪ್ಪತ್ತೆರಡು ಇರಬೇಕು. ಆಗ ಹೊಟ್ಟೆಯಲ್ಲಿ ನಾಲ್ಕು ತಿಂಗಳು. ಹಿಂದೆ ಎರಡು ಸಲ ಗರ್ಭ ನಿಂತಿರಲಿಲ್ಲ. ಇದಾದರೂ ಉಳಿಯಲಿ ಎಂದು ಸೊಂಟಕ್ಕೆ ಕರಿದಾರ ಕಟ್ಟಿಕೊಂಡಿದ್ದಳು.

ಕಾರಿಕೊಂಡು ಒಳಗೆ ಬಂದವಳು ನಾನು ಅವಳನ್ನು ಚೆನ್ನಾಗಿ ಬೈದೆ. ನಾಯಿ, ಬೆಕ್ಕು ಏನೇನು ಮಾಡಿಹೋದ ಮಣ್ಣೋ ಇದು, ಹೊಲಸು, ಹೊಟ್ಟೆಯಲ್ಲಿ ಹುಳ ಆಗುತ್ತದೆ ಎಂದೆ. ಅವಳು ತಲೆ ತಗ್ಗಿಸಿದಳು. ಉತ್ತರ ಕೊಟ್ಟವಳು ಎಂಟು ಜನರಲ್ಲಿ ವಯಸ್ಸಾದವಳು. ಅವಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು.

"ಬಸರಿ ಹೆಂಗಸ್ರಿ ಅಕ್ಕಾರ. ಬಯಕಿ ಐತಿ. ಇಲ್ಲ ಅನ್ನಬಾರದು."

"ಬಯಕೆ ಅಂದರೆ ಮಾವಿನಕಾಯಿ ತಿನ್ನಲಿ. ಮಣ್ಣು ತಿಂತಾರಾ?"

"ನಿಮ್ಮವ್ವ ನಿಮ್ಮನ್ನ ಹೊಟ್ಯಾಗ ಇಟ್ಕೊಂಡಾಗ ಏನ್ ತಿಂದಿದ್ರೋ ಮನಿಗೆ ಹೋಗಿ ಕೇಳ್ರಿ. ನಿಮ್ಮ ಮಾತ ಕೇಳಿದ್ರ, ಪುಸ್ತಕ ತಿಂದಿರಬೇಕು."

ಏಳು ಜನವೂ ನಕ್ಕರು. ಬಸುರಿಯೂ ನಕ್ಕಳು, ಬಾಯಿಗೆ ಸೆರಗು ಮುಚ್ಚಿಕೊಂಡು.

ಆಮೇಲೆ ತಿಳಿಯಿತು, ಅವಳಿಗೆಂದೇ ಇವರು ಗೋಲಿಯಷ್ಟು ಮಣ್ಣಿನ ಉಂಡೆ ಮಾಡಿ, ಭಟ್ಟಿಯ ಮೂಲೆಯಲ್ಲಿಟ್ಟು ಸುಟ್ಟು ಕೊಡುತ್ತಿದ್ದರು. ಡಬ್ಬಿಗಳನ್ನು ಎರಡು ಸಲ ಸುಡುತ್ತಾರೆ: ಮೊದಲು ಬರೀ ಮಣ್ಣನ್ನು, ಆಮೇಲೆ ಹೊಳಪಿನ ಗ್ಲೇಜ್ ಬಳಿದು. ಉಂಡೆ ಇಡುತ್ತಿದ್ದದ್ದು ಮೊದಲ ಸಲಕ್ಕೆ ಮಾತ್ರ. "ಬಣ್ಣದ ಭಟ್ಟಿಗಿ ಹಾಕಬ್ಯಾಡ್ರೇ, ಅದರ ಹೊಗಿ ಬಾಯಾಗ ಸಿಹಿ ಸಿಹಿ ಆಕೈತಿ, ಚಲೋ ಅಲ್ಲ," ಎಂದು ಮುಂದೆ ಹೊಸ ಗ್ಲೇಜ್ ಬಂದ ಮೇಲೆ ದೊಡ್ಡವ್ವ ಗದರುವುದನ್ನು ನಾನೇ ಕೇಳಿದ್ದೇನೆ. ಸಹಿ ಹಾಕಲು ಬಾರದವಳಿಗೆ ಅಷ್ಟು ತಿಳಿದಿತ್ತು. ನಾನು ಆ ಮಾತಿಗೆ ಕಿವಿಗೊಡದೆ, ಉಂಡೆ ಅಗಿಯುವ ಸದ್ದಿಗೆ ಮುಖ ಸಿಂಡರಿಸಿಕೊಂಡು ಕೂತಿದ್ದೆ.

ಮಳೆಗಾಲದಲ್ಲಿ ದೊಡ್ಡ ಆರ್ಡರು ಬಂತು. ಅದೇ ವಾರ ಗ್ಲೇಜ್ ಬದಲಾಯಿತು. ಹಳೆಯದು ಬಿಳಿ ಪುಡಿ, ಕರಗಲು ಬಹಳ ಶಾಖ ಬೇಕು, ದಿನಕ್ಕೆರಡು ಸಲ ಕರೆಂಟು ಹೋಗುವ ಊರಿನಲ್ಲಿ ಅದು ಪೂರೈಸುವುದಿಲ್ಲ ಎಂದ ಮಾಲೀಕ. ಹೊಸ ಡ್ರಮ್ಮಿನಲ್ಲಿ ಬಂದದ್ದು ಕಿತ್ತಳೆ ಬಣ್ಣದ ಪುಡಿ. ಕೈಯಲ್ಲಿ ಹಿಡಿದರೆ ಇಷ್ಟು ಪುಡಿ ಇಷ್ಟೊಂದು ಭಾರವೇ ಎನಿಸುತ್ತಿತ್ತು. ಡ್ರಮ್ಮಿನ ಮೇಲೆ ತಲೆಬುರುಡೆಯ ಗುರುತಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು. ನಾನು ಓದಿದೆ. ಅದು ಸೀಸದ ಆಕ್ಸೈಡು ಎಂದು ನನಗೆ ಗೊತ್ತಿತ್ತು, ಲ್ಯಾಬಿನಲ್ಲಿ ಕಂಡಿದ್ದೆ.

"ಇದು ಸೀಸ ಸರ್," ಎಂದೆ.

"ಅರೇ ಅಮ್ಮಾ, ಬೆಂಕಿಗೆ ಹೋದ ಮೇಲೆ ಎಲ್ಲ ಗಾಜೇ. ಗಾಜು ಯಾರನ್ನಾದರೂ ಕಚ್ಚುತ್ತದಾ?" ಎಂದ ಹಿಂದಿಯಲ್ಲಿ.

ಗಾಜಿನೊಳಗೆ ಸೇರಿದ ಸೀಸ ಸುಲಭಕ್ಕೆ ಹೊರಬರುವುದಿಲ್ಲ ಎಂದು ನಾನೂ ಓದಿದ್ದೆ. ಸರಿಯಾಗಿ ಬೆಂದಿದ್ದರೆ, ಹುಳಿ ತಾಗದಿದ್ದರೆ ಎಂಬ ಎರಡು ಷರತ್ತನ್ನೂ ಅದೇ ಪುಟದಲ್ಲಿ ಓದಿದ್ದೆ. ಪರೀಕ್ಷೆಗೆ ಬೇಕಾದಾಗ ಅವು ನೆನಪಿಗೆ ಬಂದಿದ್ದವು. ಅವತ್ತು ಬರಲಿಲ್ಲವೋ, ಬರಲು ಬಿಡಲಿಲ್ಲವೋ. ಭಟ್ಟಿಯಿಂದ ಹೊರಬಂದ ಮೊದಲ ಡಬ್ಬಿ ಕನ್ನಡಿಯಂತೆ ಹೊಳೆಯಿತು. ಒಳಗೆ ಇಣುಕಿದರೆ ನನ್ನ ಮೂಗು ಕಾಣುತ್ತಿತ್ತು. ಆಹಾ ಎಂದೆ. ನಿಜವಾಗಿ ಅಂದೆ.

ಅವಳಿಗೆ ಏಳನೇ ತಿಂಗಳಾದಾಗ ತವರಿನಿಂದ ಯಾರೂ ಬರಲಿಲ್ಲ. ಶೆಡ್ಡಿನಲ್ಲೇ ಮಧ್ಯಾಹ್ನದ ಊಟದ ಹೊತ್ತಿಗೆ ಹೆಂಗಸರು ಅವಳಿಗೆ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿಯಲ್ಲಿ ಅಕ್ಕಿ, ಕೊಬ್ಬರಿ. ಮಣ್ಣು ಲಟ್ಟಿಸುವ ಮೇಜನ್ನೇ ತೊಳೆದು, ಕಂಬಳಿ ಹಾಸಿ ಕೂರಿಸಿದರು. ದೊಡ್ಡವ್ವ ಹಾಡಿದ ಹಾಡಿಗೆ ಮಾಲೀಕನ ಅಕೌಂಟೆಂಟು ಬಾಗಿಲಲ್ಲಿ ನಿಂತು ನಾಚಿಕೊಂಡು ಒಳಗೆ ಹೋದ.

ನಾನು ನನ್ನ ಉಡುಗೊರೆ ಮೊದಲೇ ತಯಾರು ಮಾಡಿಟ್ಟಿದ್ದೆ. ಒಂದು ಡಬ್ಬಿ, ನಾನೇ ಮೊದಲಿನಿಂದ ಕೊನೆಯವರೆಗೆ ಮಾಡಿದ್ದು. ಗೋಡೆ ಜೋಡಿಸುವಾಗ ಎರಡು ಸಲ ಬಿಟ್ಟುಕೊಂಡಿತು, ಮೂರನೆಯದು ನಿಂತಿತು. ಮುಚ್ಚಳದ ಮೇಲೆ ಜೋಳದ ಕಾಳಿನಿಂದ ತೆನೆಯ ಆಕಾರ ಒತ್ತಿದೆ. ಒಳಗಡೆ ಗ್ಲೇಜನ್ನು ಒಂದಲ್ಲ, ಮೂರು ಸಲ ಬಳಿದೆ, ಹೆಚ್ಚು ಹೊಳೆಯಲಿ ಎಂದು. ಅದನ್ನು ಸುಟ್ಟ ದಿನ ಕರೆಂಟು ಅರ್ಧಕ್ಕೆ ಹೋಗಿತ್ತು. ಭಟ್ಟಿ ಪೂರ್ತಿ ಶಾಖಕ್ಕೆ ಏರಿರಲಿಲ್ಲ. ಆದರೂ ಹೊಳಪು ಬಂದಿತ್ತಲ್ಲ. ಡಬ್ಬಿಯ ತುಂಬ ನಮ್ಮವ್ವ ಮಾಡಿದ ಹುಣಸಿಕಾಯಿ ತೊಕ್ಕು ತುಂಬಿದೆ. ಎಳೇ ಹುಣಸೆಕಾಯಿಯನ್ನು ಹಸಿಮೆಣಸಿನಕಾಯಿ, ಉಪ್ಪು, ಇಂಗು ಹಾಕಿ ಕುಟ್ಟಿ ವರ್ಷಗಟ್ಟಲೆ ಇಡುತ್ತೇವಲ್ಲ, ಅದು. ನಾಲಿಗೆಗೆ ತಾಗಿದರೆ ಕಿವಿಯ ಹಿಂದೆ ಜುಮ್ಮೆನ್ನುವಷ್ಟು ಹುಳಿ.

"ಇನ್ನು ಮಣ್ಣು ತಿನ್ನಬೇಡ. ಬಾಯಿ ಕೆಟ್ಟಾಗ ಇದನ್ನ ನೆಕ್ಕು," ಎಂದೆ. "ನನ್ನ ಮೇಲೆ ಆಣೆ ಮಾಡು."

"ಆಣಿ ಯಾಕ್ರಿ ಅಕ್ಕಾರ, ನೀವು ಇಷ್ಟ ಮಾಡೀರಿ ಅಂದ ಮ್ಯಾಲ ಬಿಟ್ಟೆ ಅಂತ ತಿಳೀರಿ," ಎಂದು ಅಲ್ಲೇ ಬೆರಳು ಅದ್ದಿ ನೆಕ್ಕಿದಳು. ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. "ಯವ್ವಾ, ಏನ್ ಹುಳಿ ಐತ್ರಿ!"

ಅವಳು ಮಾತಿಗೆ ತಪ್ಪಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ ವಿಷಯ. ಕದ್ದು ಮುಚ್ಚಿ ಮಣ್ಣು ತಿಂದಿದ್ದರೆ, ನನ್ನ ಡಬ್ಬಿಯನ್ನು ಮೂಲೆಗೆ ಎಸೆದಿದ್ದರೆ! ಇಲ್ಲ, ಉಂಡೆಗಳನ್ನು ಬಿಟ್ಟೇಬಿಟ್ಟಳು. ಡಬ್ಬಿಯನ್ನು ಮೇಜಿನ ಮೇಲೆ ಬಲಗೈಯ ಹತ್ತಿರ ಇಟ್ಟುಕೊಂಡು ನಾಲ್ಕು ಮುಚ್ಚಳ ಕೊಯ್ದಾಗೊಮ್ಮೆ ಬೆರಳು ಅದ್ದುತ್ತಿದ್ದಳು. ಸಂಜೆ ಮನೆಗೂ ಒಯ್ಯುತ್ತಿದ್ದಳು. ಖಾಲಿಯಾದಾಗ ನಾನು ಮನೆಯ ಭರಣಿಯಿಂದ ತಂದು ಮತ್ತೆ ತುಂಬುತ್ತಿದ್ದೆ, ತೊಳೆಯದೆ, ಹಳೆಯ ಹುಳಿಯ ಮೇಲೆ ಹೊಸ ಹುಳಿ. ನಾಲ್ಕು ಸಲ ತುಂಬಿದೆ. ಒಬ್ಬ ಬಡ ಹೆಂಗಸಿನ ಹೊಲಸು ಚಟ ಬಿಡಿಸಿದೆನೆಂದು ಮನೆಯಲ್ಲಿ ಹೇಳಿಕೊಂಡು ತಿರುಗಿದೆ. ಅವ್ವ ಮೆಚ್ಚಿಕೊಂಡಳು.

ಮೊದಲು ಹೊಟ್ಟೆ ನುಲಿಯುತ್ತದೆ ಎಂದಳು. ಬಸುರಿಯಲ್ಲವೇ ಎಂದೆವು. ನಾಲ್ಕೈದು ದಿನ ಬೈಲಿಗೆ ಹೋಗಿಲ್ಲ ಎಂದಳು. ದೊಡ್ಡವ್ವ ಬಿಸಿನೀರು ಕುಡಿಸಿದಳು. ಮುಖ ಬಿಳಿಚಿತು. ಆಮೇಲೆ ಮುಚ್ಚಳಗಳ ಅಂಚು ಕೆಡಲು ಶುರುವಾಯಿತು. ಕರ್ಚಿಕಾಯಿಯ ಮಡಿಕೆಗಳು ಒಂದು ದೊಡ್ಡದು, ಒಂದು ಸಣ್ಣದು. ಕೆಲವು ಕಡೆ ಚಿವುಟಿದ ಗುರುತೇ ಇಲ್ಲ. ಒಪ್ಪವಾಗಿದೆಯೇ ಎಂದು ನೋಡಿ ಬೇರ್ಪಡಿಸುವ ಕೆಲಸ ನನ್ನದು. ಒಂದು ದಿನ ಅವಳ ಹನ್ನೊಂದು ಮುಚ್ಚಳ ಒಟ್ಟಿಗೆ ಬೇಡವೆಂದು ತೆಗೆದಿಟ್ಟೆ.

"ಏನಾಗಿದೆ ನಿನ್ನ ಕೈಗೆ?" ಎಂದು ಗದರಿದೆ.

"ಕೈ ನನ್ನ ಮಾತ ಕೇಳವಲ್ದರಿ," ಎಂದಳು. ಬಲಗೈಯನ್ನು ಮುಂದೆ ಚಾಚಿ ತೋರಿಸಿದಳು. ಮಣಿಕಟ್ಟಿನಿಂದ ಮುಂದೆ ಕೈ ಬಾಡಿದ ಎಲೆಯಂತೆ ಜೋತುಬಿದ್ದಿತ್ತು. ಎತ್ತಲು ನೋಡಿದಳು, ಆಗಲಿಲ್ಲ. "ನೋಡ್ರಿ, ಬೆಳಿಗ್ಗೆ ರೊಟ್ಟಿ ಬಡಿಯಾಕ ಹೋದ್ರ ಕೈಯಾಗಿನ ಹಿಟ್ಟ ಜಾರಿಬಿತ್ತು. ನನ್ನ ಗಂಡ ಅಂದ, ರಾಣಿ ಆಗಾಕತ್ತೀ ನೀ ಅಂತ." ನಗಲು ನೋಡಿದಳು.

ಆಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಅವತ್ತೇ ಸಂಜೆ. ಈ ಸಲ ಡಬ್ಬಿ ತೊಳೆದು ತುಂಬೋಣವೆಂದು ನಲ್ಲಿಯ ಕೆಳಗೆ ಹಿಡಿದೆ. ಹಳೆಯ ತೊಕ್ಕು ಹೋಯಿತು. ಒಳಗೆ, ಬಾಯಿಯ ಹತ್ತಿರ ಎರಡು ಬೆರಳಗಲ ಇನ್ನೂ ಕನ್ನಡಿಯಂತಿತ್ತು. ಅದರ ಕೆಳಗೆ, ತೊಕ್ಕು ನಿಂತಷ್ಟು ಜಾಗ, ಹೊಳಪೇ ಇಲ್ಲ. ಮಬ್ಬು. ನೀರು ಒರೆಸಿ ಬೆರಳಾಡಿಸಿದೆ. ಬಳಪದ ಹಲಗೆಯಷ್ಟು ಒರಟು. ಗೆರೆ ಎಳೆದಂತೆ ಸುತ್ತಲೂ ಒಂದೇ ಮಟ್ಟದಲ್ಲಿ ಗಾಜು ಕರಗಿಹೋಗಿತ್ತು. ಅದು ಎಲ್ಲಿಗೆ ಹೋಗಿದೆ ಎಂದು ಯೋಚಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹೊಟ್ಟೆನೋವು, ಮಲಬದ್ಧತೆ, ಜೋತುಬಿದ್ದ ಮಣಿಕಟ್ಟು: ಪುಸ್ತಕದಲ್ಲಿ ಅದೇ ಕ್ರಮದಲ್ಲಿ ಇತ್ತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಹೇಸಿಗೆಯಾಗುತ್ತದೆ. ಡಬ್ಬಿಯನ್ನು ದುಪಟ್ಟಾದಲ್ಲಿ ಸುತ್ತಿ ನನ್ನ ಚೀಲದೊಳಗೆ ಹಾಕಿಕೊಂಡೆ. ಅವಳು ಕೇಳಿದಾಗ, ಒಡೆದುಹೋಯಿತು, ಬೇರೆ ತರುತ್ತೇನೆ ಎಂದೆ. "ಹೋಗ್ಲಿ ಬಿಡ್ರಿ, ನಿಮ್ಮ ಕೈಗಿ ಹತ್ತಲಿಲ್ಲಲ್ಲ?" ಎಂದಳು. ಬಸ್ಸಿನಲ್ಲಿ ಸಿಕಂದರಾಬಾದಿನವರೆಗೂ ಡಬ್ಬಿ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಹುಸೇನ್ ಸಾಗರ ಸಿಕ್ಕಾಗ ಎದ್ದು ಬಾಗಿಲ ಹತ್ತಿರ ಹೋದೆ. ಎಸೆಯುವ ಯೋಚನೆ ಬಂದಿತ್ತು. ಆ ಕೆರೆಯ ನಾತಕ್ಕೆ ಮೂಗು ಮುಚ್ಚಿಕೊಂಡಿದ್ದೆ. ಆ ನಾತ ನನ್ನದೇ ಅನಿಸಿತು. ಎಸೆಯಲಿಲ್ಲ. ಹೇಳಲೂ ಇಲ್ಲ. ಅವಳಿಗಲ್ಲ, ದೊಡ್ಡವ್ವನಿಗಲ್ಲ, ಮನೆಯಲ್ಲೂ ಅಲ್ಲ. ತೊಕ್ಕು ನಿಂತಿತಲ್ಲ, ಇನ್ನು ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಮಾಲೀಕನ ಕೋಣೆಗೆ ಹೋಗಿ ಡಬ್ಬಿ ಮೇಜಿನ ಮೇಲಿಟ್ಟು, ತೊಕ್ಕು ಗಾಜನ್ನು ತಿಂದ ಜಾಗ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಒಳಗೆ ನೋಡಿದ. ಕಡಲೆಪುರಿ ತಿನ್ನುತ್ತಿದ್ದ, ತಿನ್ನುವುದನ್ನು ನಿಲ್ಲಿಸಲಿಲ್ಲ.

"ಅರ್ಧಂಬರ್ಧ ಬೆಂದ ಮಾಲು. ಯಾರು ಮಾಡಿದ್ದು?"

"ನಾನು."

"ಉಪ್ಪಿನಕಾಯಿ ಯಾರು ಹಾಕಿದ್ದು?"

"ನಾನು."

"ಮತ್ತೆ?" ಎಂದು ಕೈ ಒದರಿದ. "ಅವರು ಬಾದಾಮಿ ಇಡುತ್ತಾರಮ್ಮ. ಬಾದಾಮಿ ಹುಳಿ ಇರುತ್ತದಾ?" ಡಬ್ಬಿಯನ್ನು ಎತ್ತಿ ಕಿಟಕಿಯ ಆಚೆ ಒಡೆದ ಮಾಲಿನ ರಾಶಿಗೆ ಎಸೆದ. ಚೂರಾದ ಸದ್ದು ಕೇಳಿಸಿತು. ಅವನ ಮೇಲೆ ನನಗೆ ಅಸಹ್ಯ ಉಕ್ಕಿ ಬಂತು. ಅದರ ಜೊತೆಗೇ, ಅಬ್ಬ, ಇನ್ನು ಡಬ್ಬಿ ಇಲ್ಲ ಎಂದು ಎದೆ ಹಗುರವಾಯಿತು. ಎರಡೂ ಒಟ್ಟಿಗೇ ಆದವು. ಬಾದಾಮಿ ಹಾಕಿದ ಡಬ್ಬಿಗಳನ್ನು ಬಾದಾಮಿ ಮುಗಿದ ಮೇಲೆ ಜನ ಏನು ಮಾಡುತ್ತಾರೆ ಎಂದು ಕೇಳಬೇಕಿತ್ತು. ಕೇಳದೆ ಹೊರಗೆ ಬಂದೆ.

ಇನ್ನೂ ಒಂದು ದಿನ ಹಾಗೇ ಕಳೆಯಿತು. ಅದರ ಮರುದಿನ ಹನ್ನೊಂದು ಗಂಟೆಗೆ ಅವಳು ಮೇಜಿನ ಮೇಲೆ ಕುಸಿದಳು. ಎದುರಿಗಿದ್ದ ಹಸಿ ಡಬ್ಬಿಗಳ ಮೇಲೆಲ್ಲ ವಾಂತಿ. ಮೈ ಸೆಟೆದುಕೊಂಡು ಹಲ್ಲು ಕಚ್ಚಿತು. ದೊಡ್ಡವ್ವ ಅವಳ ಬಾಯಿಗೆ ಸೆರಗಿನ ಗಂಟು ತುರುಕಿದಳು. ಆಟೋದಲ್ಲಿ ನಾವು ಮೂವರು ಅವಳನ್ನು ಅಡ್ಡ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅವಳ ತಲೆ ನನ್ನ ತೊಡೆಯ ಮೇಲೆ. ವಾಂತಿಯ ವಾಸನೆ, ಅದರಲ್ಲಿ ಇಂಗು. ನಮ್ಮ ಮನೆಯ ಇಂಗು ಅಂತ ಅನಿಸಿತು. ಮೂರು ದಿನದ ಹಿಂದಿನದು ಇರಲಾರದು, ಆದರೂ ಅನಿಸಿತು.

ವಾರ್ಡಿನಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬಹಳ ದಣಿದಿದ್ದಳು. ಬಸುರಿಯಲ್ಲಿ ಬಿ.ಪಿ. ಏರಿದರೂ ಹೀಗೆ ಆಗುತ್ತದೆ ಎನ್ನುತ್ತಾ ನೋಡಿದಳು. ಬಿ.ಪಿ. ಅಷ್ಟೇನೂ ಇರಲಿಲ್ಲ.

"ಏನು ತಿಂದಿದ್ದಾಳೆ?" ಎಂದು ಹಿಂದಿಯಲ್ಲಿ ಕೇಳಿದಳು.

ದೊಡ್ಡವ್ವ ಕೈಮುಗಿದಳು. ಅವಳ ಹಿಂದಿ ಅರ್ಧ ಕನ್ನಡ. "ತಪ್ಪಾತ್ರಿ ಅಮ್ಮಾರ. ಮಿಟ್ಟಿ ತಿಂತಿದ್ಳು. ನಾವ ಸುಟ್ಟು ಕೊಡತಿದ್ವಿ. ಬಯಕಿ ಅಂತ. ನನ್ನದ ತಪ್ಪು, ನಾನ ಕೊಟ್ಟಾಕಿ." ಹೇಳುತ್ತಾ ಹೇಳುತ್ತಾ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಡಾಕ್ಟರಮ್ಮನ ಮುಖದಲ್ಲಿ ನಾನು ನನ್ನ ಮುಖವನ್ನೇ ಕಂಡೆ. ಮೂಗು ಸುಕ್ಕಾಯಿತು, ತುಟಿ ಓರೆಯಾಯಿತು. "ಛೀ, ಮಣ್ಣು ತಿನ್ನುವ ಜನ, ಸತ್ತರೆ ನಮ್ಮ ಮೇಲೆ ಬರುತ್ತೀರಿ," ಎಂದು ಚೀಟಿಯ ಮೇಲೆ ಜಂತುಹುಳಕ್ಕೋ ರಕ್ತಹೀನತೆಗೋ ಏನೋ ಬರೆಯತೊಡಗಿದಳು.

ಸುಮ್ಮನಿದ್ದರೆ ಸಾಕಿತ್ತು. ತಪ್ಪು ಇನ್ನೊಬ್ಬಳ ತಲೆಗೆ ಹೋಗಿ ಕೂತಾಗಿತ್ತು, ಅವಳು ಒಪ್ಪಿಕೊಂಡೂ ಆಗಿತ್ತು. ಡಬ್ಬಿ ಚೂರಾಗಿ ರಾಶಿಯಲ್ಲಿತ್ತು. ಆ ಪೆನ್ನು ಮೂರು ಸಾಲು ಬರೆಯುವವರೆಗೂ ನಾನು ಸುಮ್ಮನಿದ್ದೆ. ಮೂರು ಸಾಲು. ನಾನು ಮತ್ತೆ ಮತ್ತೆ ನಡೆಸುವುದು ಮುಖ್ಯವಾಗಿ ಈ ಮೂರು ಸಾಲನ್ನೇ. ಒಂದೊಂದು ಸಲ ನಾಲ್ಕನೆಯ ಸಾಲೂ ಬರುತ್ತದೆ, ಚೀಟಿ ಹರಿದು ಕೈಗೆ ಕೊಡುತ್ತಾಳೆ, ನಾವು ಔಷಧಿ ಅಂಗಡಿಗೆ ಹೋಗುತ್ತೇವೆ. ಬೆವರಿ ಎದ್ದು ಕೂರುತ್ತೇನೆ.

ಅವಳ ಮಣಿಕಟ್ಟು ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ನರ್ಸು ಅದನ್ನು ಎತ್ತಿ ಎದೆಯ ಮೇಲಿಟ್ಟಳು. ಅದು ಮತ್ತೆ ಜಾರಿತು.

"ಸೀಸ," ಎಂದೆ. ಇನ್ನೊಮ್ಮೆ ಇಂಗ್ಲಿಷಿನಲ್ಲಿ ಹೇಳಿದೆ. ಗ್ಲೇಜು, ಹುಳಿ, ಆರು ವಾರ, ಎಲ್ಲ ಹೇಳಿದೆ. ಮಣ್ಣಿನಿಂದ ಏನೂ ಆಗಿಲ್ಲ, ನಾನು ಕೊಟ್ಟ ಡಬ್ಬಿಯಿಂದ ಆಗಿದೆ ಎಂದೆ. ಡಾಕ್ಟರಮ್ಮ ಪೆನ್ನು ಮುಚ್ಚಿದಳು. ಬಸುರಿಯ ಕೆಳದುಟಿ ಎಳೆದು ಟಾರ್ಚು ಹಾಕಿದಳು. ವಸಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎಳೆದಂತೆ ನೀಲಿ ಗೆರೆ ಇತ್ತು, ಸೀಸದ ಗುರುತು.

"ಯಾವಾಗ ಗೊತ್ತಾಯಿತು ನಿಮಗೆ?"

"ಮೂರು ದಿನ ಆಯಿತು."

ಡಾಕ್ಟರಮ್ಮ ನನಗೆ ಬೈಯಲಿಲ್ಲ. ಓಡಿದಳು. ದೊಡ್ಡವ್ವನಿಗೆ ಇಂಗ್ಲಿಷು ಬರದಿದ್ದರೂ ಏನೋ ತಿಳಿಯಿತು. ನನ್ನ ಕಡೆ ನೋಡಿ, "ಏನಂದ್ರಿ ಅಕ್ಕಾರ?" ಎಂದಳು. ಕನ್ನಡದಲ್ಲಿ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಕೂತಳು.

ರಕ್ತ ಪರೀಕ್ಷೆಗೆ ಹೊರಗೆ ಕಳಿಸಿದರು. ಚುಚ್ಚುಮದ್ದು ಶುರು ಮಾಡಿದರು. ಎಂಟನೇ ತಿಂಗಳು ಮುಗಿಯುವ ಮೊದಲೇ ಹೆರಿಗೆ ಆಯಿತು. ಹೆಣ್ಣು ಕೂಸು, ಬೆಕ್ಕಿನ ಮರಿಯಷ್ಟು. ಅಳು ಬಂತು, ತಡವಾಗಿ ಬಂತು. ತಾಯಿ ಉಳಿದಳು. ಕೂಸಿನ ರಕ್ತದಲ್ಲೂ ಸೀಸ ಇತ್ತು. ಏನು ಉಳಿದಿದೆ, ಏನು ಹೋಗಿದೆ ಎಂದು ಬೆಳೆದ ಮೇಲೆ ಗೊತ್ತಾಗುತ್ತದೆ ಎಂದರು. ನಾನು ಶೆಡ್ಡಿನ ಕೆಲಸ ಬಿಟ್ಟೆ. ಉಡುಗೊರೆ ಒಯ್ದ ಎರಡು ಆಫೀಸುಗಳಿಗೆ ಹೋಗಿ ಹೇಳಿದೆ. ಒಂದು ಕಡೆ ಕಾಫಿ ಕೊಟ್ಟು ಕಳಿಸಿದರು. ಇನ್ನೊಂದು ಕಡೆ ಗೇಟಿನಿಂದ ಒಳಗೇ ಬಿಡಲಿಲ್ಲ.

ತಿಂಗಳ ಮೇಲೆ ಅವರ ಗುಡಿಸಲಿಗೆ ಹೋದೆ. ಗಚ್ಚಿಬೌಲಿಯಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಪಕ್ಕ ತಗಡಿನ ಸಾಲು. ಅವಳ ಗಂಡ ನನ್ನನ್ನು ಕಂಡು ಎದ್ದು ಹೊರಗೆ ಹೋದ. ದೊಡ್ಡವ್ವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಚಮಚದಲ್ಲಿ ಡಬ್ಬದ ಹಾಲು ಕುಡಿಸುತ್ತಿದ್ದಳು. ರಕ್ತ ಶುದ್ಧವಾಗುವವರೆಗೆ ಎದೆಹಾಲು ಕೊಡಬಾರದು, ಆದರೆ ಹಿಂಡಿ ತೆಗೆಯುತ್ತಿರಬೇಕು ಎಂದು ಡಾಕ್ಟರಮ್ಮ ಹೇಳಿದ್ದಳಂತೆ. ಬಾಣಂತಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಎಡಗೈಯಲ್ಲಿ ಹಿಂಡುತ್ತಿದ್ದಳು. ಬಲಗೈಗೆ ಇನ್ನೂ ಬಲ ಬಂದಿರಲಿಲ್ಲ. ಸ್ಟೀಲಿನ ತಂಬಿಗೆಯಲ್ಲಿ ಹಾಲಿನ ಎಳೆ ಬೀಳುವ ಸದ್ದು ಕೇಳುತ್ತಿತ್ತು.

ಕುಪ್ಪಸ ಸರಿಮಾಡಿಕೊಂಡು ತಿರುಗಿದಳು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ.

"ಒಂದ್ ಮಾತ ಕೇಳ್ತೀನ್ರಿ. ನಾ ಮಣ್ಣ ತಿಂದಿದ್ರ ಇದೇನೂ ಆಗ್ತಿರಲಿಲ್ಲಲ್ರಿ?"

"ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು. ಸುಮ್ಮನೆ ತಿಳಿದುಕೊಳ್ಳಬೇಕಿತ್ತು ಎನ್ನುವಂತೆ. ಆಮೇಲೆ ತಂಬಿಗೆಯನ್ನು ನನ್ನ ಕಡೆ ನೀಡಿದಳು.

"ಇದನ್ನ ಚೆಲ್ಲಿ ಬರ್ರಿ ಅಕ್ಕಾರ. ಕಾಲಾಗ ತುಳಿಯೋ ಕಡಿ ಚೆಲ್ಲಬ್ಯಾಡ್ರಿ. ಗಿಡದ ಬುಡಕ್ಕ ಹಾಕ್ರಿ."

ತಂಬಿಗೆ ಬೆಚ್ಚಗಿತ್ತು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಹೊರಗೆ ಬಂದು ಗಿಡ ಹುಡುಕಿದೆ. ಎಲ್ಲಿ ನೋಡಿದರೂ ಜಲ್ಲಿ, ಮರಳು, ಕಬ್ಬಿಣದ ಸರಳು, ಲಾರಿಯ ಗಾಲಿಯ ಗುರುತು. ಕಾಲು ಬೀಳದ ಒಂದು ಗೇಣು ಜಾಗವಿಲ್ಲ. ಹಾಲು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಅಪಾರ್ಟ್‌ಮೆಂಟಿನ ದೊಡ್ಡ ಗೇಟಿನವರೆಗೂ ನಡೆದೆ. ಅಲ್ಲಿ ಹೊಸದಾಗಿ ನೆಟ್ಟ ಎರಡು ಅಲಂಕಾರದ ತಾಳೆಗಿಡಗಳಿದ್ದವು, ಸುತ್ತ ಇಟ್ಟಿಗೆಯ ಕಟ್ಟೆ. ಒಂದರ ಬುಡಕ್ಕೆ ಬಗ್ಗಿ ಸುರಿದೆ. ಕೆಂಪುಮಣ್ಣಿನ ಮೇಲೆ ಬೆಳ್ಳಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಇಂಗಿತು.

ಗೇಟಿನ ಕಾವಲುಗಾರ ಕುರ್ಚಿಯಿಂದಲೇ ಕೂಗಿದ, ಏನಮ್ಮಾ ಅದು ಸುರಿಯುತ್ತಿರುವುದು ಎಂದು, ತೆಲುಗಿನಲ್ಲಿ.

"ನೀರು," ಎಂದೆ.

ಹಾಗಾದರೆ ಆ ಪಕ್ಕದ್ದಕ್ಕೂ ಹಾಕು, ಒಣಗುತ್ತಿದೆ, ಎಂದ. ನಾನು ತಂಬಿಗೆಯನ್ನು ಬೋರಲು ಹಿಡಿದು ಅವನಿಗೆ ತೋರಿಸಿದೆ.